ಮುಂಬಯಿ ಕಾಯದೆ ಕೌನ್ಸಿಲೂ ಕನ್ನಡದ ನಾಲ್ಕು ಜಿಲ್ಲೆಗಳೂ

(ಧಾರವಾಡದಲ್ಲಿ ನಾಗರಿಕರ ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಕಾಯದೆಯನ್ನು ಮಾಡುವ ಸಭೆಯಲ್ಲಿ ನಮ್ಮ ಹಿರಿಯರಿಗೆ ದೊರೆತ ಸ್ಥಾನವೆಂಥದು, ಆ ಸ್ಥಾನದಿಂದ ಅವರು ಪಡೆದುದೇನು, ಪಡೆಯದೆ ಹೋದುದೇನು ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನೀವು ಅಪ್ಪಣೆ ಮಾಡಿರುವಿರಿ. ವಿಷಯವು ಒಣಗಿದ್ದೆಂದು ಮೊದಲ ನೋಟಕ್ಕೆ ತೋರಬಹುದು. ಚಾಲುಕ್ಯರ ದಿಗ್ವಿಜಯವನ್ನೋ ವಿಜಯನಗರದ ವೈಭವವನ್ನೋ ವರ್ಣಿಸುವಾಗ ಏಳುವ ರೋಮಾಂಚವು ಕೌನ್ಸಿಲಿನ ನಡವಳಿಕೆಯ ಪುಸ್ತಕಗಳನ್ನು ತಿರುವಿಹಾಕುವಾಗ ಏಳಲಾರದು. ಆದರೆ ರೈತನ ಹೊಲದ ಸಾರಾ ಎಷ್ಟು, ಅವನ ಮಗನಿಗೆ ಶಾಲೆ ಇದೆಯೋ ಇಲ್ಲವೋ, ಊರ ಕೆರೆಯ ನೀರನ್ನು ಯಾರು ಮುಟ್ಟಬಹುದು, ಯಾರು ಮುಟ್ಟಲಾಗದು ಎಂಬುದೆಲ್ಲ ತೀರ್ಮಾನವಾದುದು ಅಂಥ ಪುಸ್ತಕಗಳ ಪುಟಗಳಲ್ಲಿಯೇ. ಆದುದರಿಂದ ಆ ಪುಟಗಳನ್ನು ಓದದವನು ತನ್ನ ಮನೆಯ ಹಳೆಯ ಕಾಗದಪತ್ರಗಳನ್ನು ಓದದ ಯಜಮಾನನಂತೆಯೇ ಸರಿ.

ಕರ್ನಾಟಕದ ಏಕೀಕರಣವು ಕವಿಗಳ ಕನಸಿನಿಂದಲೂ ಪಂಡಿತರ ಸಂಶೋಧನೆಯಿಂದಲೂ ಹುಟ್ಟಿತೆಂದು ನಾವು ಸಾಮಾನ್ಯವಾಗಿ ಹೇಳುವೆವು. ಅದು ನಿಜ. 1890ರಲ್ಲಿ ರಾ. ಹ. ದೇಶಪಾಂಡೆಯವರು ಈ ಊರಿನಲ್ಲಿ ವಿದ್ಯಾವರ್ಧಕ ಸಂಘವನ್ನು ಕಟ್ಟಿದುದನ್ನೂ, 1917ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ವು ಹೊರಬಿದ್ದುದನ್ನೂ ಮರೆಯುವವರಾರು? ಆದರೆ ಏಕೀಕರಣದ ಮರಕ್ಕೆ ಇನ್ನೊಂದು ಬೇರೂ ಉಂಟು. ಆ ಬೇರು ಮುಂಬಯಿ ಇಲಾಖೆಯ ಕಾಯದೆ ಕೌನ್ಸಿಲಿನ ಬಾಕುಗಳ ಕೆಳಗೆ ಇಳಿದಿತ್ತು. ಬೇರೆ ಬೇರೆ ಭಾಷೆಯವರು ಕೂಡಿದ ಮನೆಯಲ್ಲಿ ನಾಲ್ಕೇ ಜಿಲ್ಲೆಯವರಾಗಿ ಕುಳಿತು, ತಮ್ಮ ಮಾತು ದಡ ಮುಟ್ಟದಿರುವದನ್ನು ಕಂಡು ಕಂಡು, ನಮ್ಮ ಹಿರಿಯರು ಪ್ರಾಂತದ ಪಾಠವನ್ನು ಕಲಿತರು. ಈ ಪಾಠದ ಕಥೆಯನ್ನೇ ಇಂದು ನಿಮ್ಮ ಮುಂದೆ ಇಡುವೆವು.

ಗವರ್ನರರ ದರಬಾರು

1818ರಲ್ಲಿ ಪೇಶ್ವೆಯವರ ಆಳಿಕೆ ಮುಗಿದು ಧಾರವಾಡದ ಸೀಮೆಯು ಕಂಪನಿ ಸರಕಾರದ ಕೈಸೇರಿತು. ಮುಂದೆ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಇಲಾಖೆಯ ಜಿಲ್ಲೆಗಳಾದವು. ಉತ್ತರ ಕನ್ನಡವು ಮೊದಲು ಮದ್ರಾಸಿಗೆ ಸೇರಿದ್ದು, 1862ರಲ್ಲಿ ಮುಂಬಯಿಗೆ ಬಂದಿತು; ದಕ್ಷಿಣ ಕನ್ನಡವು ಮದ್ರಾಸಿನಲ್ಲಿಯೇ ಉಳಿಯಿತು. ಒಂದು ಕರಾವಳಿಯ ಒಂದೇ ನುಡಿಯ ಜನರ ನಡುವೆ ಎರಡು ರಾಜಧಾನಿಗಳ ಗಡಿ ಬಿದ್ದಿತು. ಅದನ್ನು ಕುರಿತು ಅಲ್ಲಿಯ ಜನರನ್ನು ಯಾರೂ ಕೇಳಲಿಲ್ಲ. ಕೇಳುವ ರೂಢಿಯೇ ಆ ಕಾಲಕ್ಕೆ ಇರಲಿಲ್ಲ.

ಅದೇ 1862ನೆಯ ವರ್ಷದ ಜನವರಿ 22ರಂದು ಮುಂಬಯಿಯ ಕಾಯದೆ ಕೌನ್ಸಿಲು ಮೊದಲ ಸಲ ಕೂಡಿತು. 1861ರ ಇಂಡಿಯನ್ ಕೌನ್ಸಿಲ್ಸ್ ಆಕ್ಟಿನಂತೆ ಗವರ್ನರರೂ ಅವರ ಕಾರ್ಯಕಾರಿ ಮಂಡಲದವರೂ ಇದ್ದು, ಅವರ ಜೊತೆಗೆ ಗವರ್ನರರು ತಾವೇ ಆರಿಸಿ ನೇಮಿಸಿದ ಕೆಲವು ಜನರು ಕುಳ್ಳಿರುತ್ತಿದ್ದರು. ಚುನಾವಣೆಯಿಲ್ಲ, ಪ್ರಶ್ನೆ ಕೇಳುವ ಅಧಿಕಾರವಿಲ್ಲ, ಆಯವ್ಯಯದ ಲೆಕ್ಕವನ್ನು ವಿಚಾರಿಸುವ ಹಕ್ಕಿಲ್ಲ. ಮುಂದೆ ಇಟ್ಟ ಮಸೂದೆಯನ್ನು ಕುರಿತು ಮಾತಾಡಬಹುದು, ಅಷ್ಟೇ. ಅದಕ್ಕೆ ಕೌನ್ಸಿಲು ಎಂಬ ಹೆಸರಿದ್ದರೂ ಸ್ವರೂಪದಿಂದ ಅದು ದರಬಾರೇ ಆಗಿತ್ತು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. 1876ರಿಂದ 1878ರ ವರೆಗೆ ವಿಜಾಪುರ, ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ಘೋರವಾದ ಕ್ಷಾಮವು ಬಿದ್ದಿತು. ಹಳ್ಳಿಗಳು ಬರಿದಾದವು, ದನಕರುಗಳು ಅಳಿದವು. ಕಾಳು ಎಲ್ಲಿಗೆ ಹೋಯಿತು, ಕ್ಷಾಮದ ಕೆಲಸದಲ್ಲಿ ಕೂಲಿ ಏಕೆ ಇಳಿಯಿತು, ಸಾರಾ ವಸೂಲಿಯನ್ನು ಏಕೆ ನಿಲ್ಲಿಸಲಿಲ್ಲ ಎಂದು ಕೇಳುವದಕ್ಕೆ ಈ ಜಿಲ್ಲೆಗಳ ಜನರು ಆರಿಸಿ ಕಳಿಸಿದ ಒಬ್ಬನೇ ಒಬ್ಬ ಮನುಷ್ಯನೂ ಆ ಸಭೆಯಲ್ಲಿ ಇರಲಿಲ್ಲ. ಹಸಿದವನ ಕೂಗು ಅರ್ಜಿಯ ರೂಪದಿಂದ ಕಲೆಕ್ಟರರ ಕಚೇರಿಗೆ ಹೋಗಬೇಕು; ಅಲ್ಲಿಂದ ಮೇಲೇರಿದರೆ ಏರಿತು, ಇಲ್ಲವಾದರೆ ಇಲ್ಲ.

ಬಾಗಿಲು ತುಸು ತೆರೆದುದು

1892ರ ಕಾಯದೆಯಿಂದ ಬಾಗಿಲು ತುಸು ತೆರೆಯಿತು. ಮುನಸಿಪಾಲಿಟಿಗಳೂ ಲೋಕಲ್ ಬೋರ್ಡುಗಳೂ ವಿಶ್ವವಿದ್ಯಾಲಯವೂ ವ್ಯಾಪಾರಿಗಳ ಮಂಡಲಗಳೂ ಕೆಲವು ಹೆಸರುಗಳನ್ನು ಸೂಚಿಸಬಹುದು, ಅವನ್ನು ಗವರ್ನರರು ಒಪ್ಪಿ ನೇಮಿಸಬಹುದು ಎಂದು ಏರ್ಪಾಡಾಯಿತು. ಪ್ರಶ್ನೆ ಕೇಳುವ ಹಕ್ಕು ಬಂದಿತು. ಆಯವ್ಯಯವನ್ನು ಚರ್ಚಿಸುವ ಹಕ್ಕು ಬಂದಿತು, ಮತ ಹಾಕುವ ಹಕ್ಕು ಮಾತ್ರ ಬರಲಿಲ್ಲ. ಈ ಕಿರಿದಾದ ಬಾಗಿಲಿನಿಂದಲೇ ಫಿರೋಜಶಹಾ ಮೆಹತಾ, 1895ರಲ್ಲಿ ಬಾಳ ಗಂಗಾಧರ ಟಿಳಕ, ಮುಂದೆ ಗೋಪಾಳ ಕೃಷ್ಣ ಗೋಖಲೆ ಮೊದಲಾದ ಮಹನೀಯರು ಒಳಹೊಕ್ಕರು.

ನಮ್ಮ ಜಿಲ್ಲೆಗಳಿಗೆ ಏನು ದೊರೆಯಿತು? ಇಲಾಖೆಯ ‘ದಕ್ಷಿಣ ವಿಭಾಗ’ವೆಂಬದರಲ್ಲಿ ಆಗ ಆರು ಜಿಲ್ಲೆಗಳಿದ್ದವು: ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಎಂಬ ನಮ್ಮ ನಾಲ್ಕು, ರತ್ನಾಗಿರಿ, ಕುಲಾಬಾ ಎಂಬ ಕೊಂಕಣದ ಎರಡು. ಘಟ್ಟದ ಮೇಲಿನ ಎರೆಹೊಲದ ಜೋಳ ಹತ್ತಿಯ ರೈತನೂ, ಘಟ್ಟದ ಕೆಳಗಿನ ಭತ್ತ ತೆಂಗಿನ ರೈತನೂ, ಮರಾಠಿ ಮಾತಾಡುವ ಕುಲಾಬಾದವನೂ, ಕನ್ನಡ ಮಾತಾಡುವ ಬಾಗಲಕೋಟೆಯವನೂ ಒಂದೇ ಗುಂಪಿನವರೆಂದು ಎಣಿಸಲ್ಪಟ್ಟರು. ಹೀಗೆ ಕೂಡಿಸಿದವರಿಗೆ ದ್ವೇಷವಿತ್ತೆಂದು ನಾವು ಹೇಳಲಾರೆವು. ಅವರಿಗೆ ಕಮಿಶನರರ ಕಚೇರಿಯ ಅನುಕೂಲವು ಬೇಕಾಗಿತ್ತು. ಜನರ ನುಡಿಯ ಲೆಕ್ಕವು ಬೇಕಾಗಿರಲಿಲ್ಲ.

ಆ ಕೌನ್ಸಿಲಿನ ನಿಜವಾದ ಬೆಲೆಯು 1901ರಲ್ಲಿ ಗೊತ್ತಾಯಿತು. ಕ್ಷಾಮದಿಂದ ರೈತರು ಬಳಲಿ ಬೆಂಡಾಗಿರುವಾಗಲೇ ಸರಕಾರದವರು ಜಮೀನು ಕಂದಾಯದ ಕಾಯದೆಗೆ ತಿದ್ದುಪಡಿಯನ್ನು ತಂದರು. ಸಾರಾ ಕೊಡಲಾರದೆ ಸರಕಾರಕ್ಕೆ ಜಪ್ತಾದ ಜಮೀನನ್ನು ತಿರುಗಿ ರೈತನಿಗೆ ಕೊಡುವಾಗ, ಅದನ್ನು ಮಾರುವ ಅಥವಾ ಒತ್ತೆಯಿಡುವ ಹಕ್ಕನ್ನು ಅವನಿಗೆ ಕೊಡದೆ ಇರುವ ಅಧಿಕಾರವು ಅದರಲ್ಲಿತ್ತು. ಸಾವಕಾರನ ಕೈಯಿಂದ ರೈತನನ್ನು ಉಳಿಸುವದಕ್ಕೆಂದು ಸರಕಾರದವರು ಹೇಳಿದರು. ರೈತನನ್ನು ತನ್ನ ಹೊಲದಲ್ಲಿಯೇ ಸರಕಾರದ ಬಾಡಿಗೆಯವನನ್ನಾಗಿ ಮಾಡುವ ಉಪಾಯವಿದೆಂದು ಜನಪಕ್ಷದವರು ಹೇಳಿದರು. ಜನಾಭಿಪ್ರಾಯವನ್ನು ತಿಳಿಯುವ ತನಕ ತಡೆಯಿರೆಂಬ ಸೂಚನೆಯು ಅಧಿಕಾರಿಗಳ ಬಹುಮತದ ಮುಂದೆ ಬಿದ್ದುಹೋಯಿತು. ಆಗ ಮೆಹತಾ, ಗೋಖಲೆ ಮೊದಲಾದವರು ಸಭೆಯನ್ನು ಬಿಟ್ಟು ಹೊರನಡೆದರು. ಮಸೂದೆಯು ಕಾಯದೆಯಾಯಿತು. ಮಾತಿನಲ್ಲಿ ಗೆದ್ದು ಮತದಲ್ಲಿ ಸೋಲುವದೆಂದರೆ ಏನೆಂಬದನ್ನು ದೇಶವೆಲ್ಲ ಅಂದು ಕಂಡಿತು. ಅಂದು ರೈತನ ಪಕ್ಷವನ್ನು ಹಿಡಿದು ನಿಂತವರು ಗುಜರಾತಿಗಳೂ ಮರಾಠಿಗಳೂ ಪಾರಸಿಗಳೂ ಆಗಿದ್ದರು. ಅವರ ಹೋರಾಟದ ಋಣವು ನಮ್ಮ ಮೇಲೆಯೂ ಇದೆ. ನಮ್ಮ ಮಾತು ಯಾವ ಭಾಷೆಯವರ ಮೇಲಿನ ದ್ವೇಷದಿಂದಲೂ ಹುಟ್ಟಿದ್ದಲ್ಲವೆಂಬದನ್ನು ಇಲ್ಲಿಯೇ ಸ್ಪಷ್ಟಪಡಿಸುವೆವು.

1909ರ ಮಾರ್ಲೆ-ಮಿಂಟೋ ಸುಧಾರಣೆಗಳಿಂದ ಸಭಾಸದರ ಸಂಖ್ಯೆಯು ಏರಿತು. ಠರಾವುಗಳನ್ನು ತರುವ ಹಕ್ಕು ಬಂದಿತು. ಮುಸಲ್ಮಾನರಿಗೆ ಪ್ರತ್ಯೇಕ ಮತದಾರ ಸಂಘಗಳಾದವು. ಅಧಿಕಾರಿಗಳಲ್ಲದವರ ಸಂಖ್ಯೆ ಹೆಚ್ಚಾದರೂ ಅವರಲ್ಲಿ ಸರಕಾರವು ನೇಮಿಸಿದವರೂ ಇದ್ದುದರಿಂದ ತಕ್ಕಡಿಯು ಸಾಮಾನ್ಯವಾಗಿ ಸರಕಾರದ ಕಡೆಗೇ ವಾಲುತ್ತಿತ್ತು.

ದ್ವಿದಳ ರಾಜ್ಯಪದ್ಧತಿ

ಅಷ್ಟರಲ್ಲಿ ನಮ್ಮಲ್ಲಿ ಎಚ್ಚರವು ಮೂಡಿತು. 1905ರ ವಂಗಭಂಗವು ಒಂದು ನುಡಿಯ ಜನರನ್ನು ಸೀಳುವದೆಂದರೆ ಏನೆಂಬದನ್ನು ತೋರಿಸಿತು. ಹುಟ್ಟಿನಿಂದಲೇ ಸೀಳಿಹೋದ ನಮ್ಮ ಗತಿಯೇನೆಂದು ಕನ್ನಡಿಗರು ತಮ್ಮನ್ನೇ ಕೇಳಿಕೊಂಡರು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸಭೆಯು ಹುಟ್ಟಿತು. 1917ರಲ್ಲಿ ಭಾರತಮಂತ್ರಿ ಮಾಂಟೇಗ್ಯೂ ಸಾಹೇಬರು ಬಂದಾಗ ಕನ್ನಡ ಸೀಮೆಗಳನ್ನು ಕೂಡಿಸಬೇಕೆಂಬ ಬಿನ್ನಹವು ಅವರಿಗೆ ಮುಟ್ಟಿತು. 1920ರಲ್ಲಿ ಇದೇ ಧಾರವಾಡದಲ್ಲಿ ವ್ಹಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಕೂಡಿತು. ಆ ವರ್ಷದ ಕೊನೆಗೆ ನಾಗಪುರದ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ತ್ವವನ್ನು ತನ್ನ ರಚನೆಯಲ್ಲಿ ಒಪ್ಪಿಕೊಂಡಿತು. ಕಾಂಗ್ರೆಸ್ಸಿನಲ್ಲಿ ಕರ್ನಾಟಕ ಪ್ರಾಂತವು ಹುಟ್ಟಿತು. ಸರಕಾರದ ನಕಾಶೆಯಲ್ಲಿ ಮಾತ್ರ ಹುಟ್ಟಲಿಲ್ಲ.

1919ರ ಕಾಯದೆಯಂತೆ ಹೊಸ ಕೌನ್ಸಿಲು ರಚಿತವಾಯಿತು. ನೂರಕ್ಕೆ ಮಿಕ್ಕಿದ ಸಭಾಸದರಲ್ಲಿ 86 ಜನರು ಚುನಾವಣೆಯಿಂದ ಬಂದವರು. 1921ರ ಫೆಬ್ರುವರಿಯಲ್ಲಿ ಕನಾಟದ ಡ್ಯೂಕರು ಬಂದು ಅದನ್ನು ಆರಂಭಿಸಿದರು. ಅದರ ಮೊದಲನೆಯ ಅಧ್ಯಕ್ಷರಾಗಿ ನೇಮಿಸಲ್ಪಟ್ಟವರು ಸರ್ ನಾರಾಯಣ ಗಣೇಶ ಚಂದಾವರಕರರು, ನಮ್ಮ ಹೊನ್ನಾವರದಲ್ಲಿ ಹುಟ್ಟಿದವರು, 1900ರ ಲಾಹೋರ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು. ಮತದ ಹಕ್ಕು ಮಾತ್ರ ಬಡವನದಾಗಲಿಲ್ಲ. ಹಳ್ಳಿಯಲ್ಲಿ ಸಾಮಾನ್ಯವಾಗಿ 32 ರೂಪಾಯಿ ಸಾರಾ ಇರುವ ಜಮೀನುಳ್ಳವನೇ ಮತದಾರನು. ನವಲಗುಂದದ ಬೆಳವಲದಲ್ಲಿಯಾಗಲಿ ಹಾನಗಲ್ಲ ಮಲೆನಾಡಿನಲ್ಲಿಯಾಗಲಿ ಅಷ್ಟು ಸಾರಾ ಕೊಡುವ ಒಕ್ಕಲಿಗರು ಎಷ್ಟು ಜನ ಇದ್ದಾರು? ಉಳುವವನು ಹೊರಗೆ ಉಳಿದನು.

ಈ ಕಾಯದೆಯ ವಿಚಿತ್ರವಾದ ಭಾಗವೆಂದರೆ ದ್ವಿದಳ ರಾಜ್ಯಪದ್ಧತಿ. ಶಿಕ್ಷಣ, ಆರೋಗ್ಯ, ಸ್ಥಾನಿಕ ಸ್ವರಾಜ್ಯ, ಅಬಕಾರಿ ಮೊದಲಾದ ಖಾತೆಗಳು ಕೌನ್ಸಿಲಿಗೆ ಜವಾಬುದಾರರಾದ ಮಂತ್ರಿಗಳಿಗೆ ಒಪ್ಪಿಸಲ್ಪಟ್ಟವು. ಹಣಕಾಸು, ಪೋಲೀಸು, ನ್ಯಾಯ, ಜಮೀನು ಕಂದಾಯಗಳು ಗವರ್ನರರ ಮಂಡಲಕ್ಕೆ ಕಾದಿರಿಸಲ್ಪಟ್ಟವು. ಕಾದಿರಿಸಿದ ಖಾತೆಯ ವೆಚ್ಚವನ್ನು ಕೌನ್ಸಿಲು ತಿರಸ್ಕರಿಸಿದರೆ ಗವರ್ನರರು ಅವಶ್ಯವೆಂದು ಬರೆದು ತಿರುಗಿ ಸ್ಥಾಪಿಸಬಹುದು. ಒಂದೇ ಗಾಡಿಗೆ ಎರಡು ನೊಗ. ಒಂದು ನೊಗದ ಹಗ್ಗವು ನಮ್ಮವನ ಕೈಯಲ್ಲಿ, ಇನ್ನೊಂದರ ಹಗ್ಗವೂ ಗಾಡಿಯ ಕೀಲೂ ಪರಕೀಯನ ಕೈಯಲ್ಲಿ.

ಇದು ಪುಸ್ತಕದ ಟೀಕೆಯಲ್ಲ. ಈ ಊರಿನ ರಸ್ತೆಯಲ್ಲಿಯೇ ಇದರ ಅರ್ಥವು ರಕ್ತದಿಂದ ಬರೆಯಲ್ಪಟ್ಟಿತು. 1921ರ ಜುಲೈ 1ರಂದು ಧಾರವಾಡದಲ್ಲಿ ಸೆರೆ ಅಂಗಡಿಯ ಮುಂದೆ ಪಿಕೆಟಿಂಗ್ ನಡೆದಾಗ ಪೋಲೀಸರು ಗುಂಡು ಹಾರಿಸಿದರು, ಮೂವರು ಮಡಿದರು. ಈಗ ವಿಚಾರ ಮಾಡಿರಿ. ಸೆರೆಯ ಗುತ್ತಿಗೆಯೆಂಬ ಅಬಕಾರಿ ಖಾತೆಯು ಮಂತ್ರಿಯದು, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾದವನದು. ಗುಂಡು ಹಾರಿಸಿದ ಪೋಲೀಸು ಖಾತೆಯು ಕಾದಿರಿಸಿದ್ದು, ಅಂದರೆ ಜನರಿಗೆ ಉತ್ತರ ಹೇಳದವನದು. ಅಂಗಡಿ ಬೇಡವೆಂದು ಹೇಳಲು ಮಂತ್ರಿಯ ಬಳಿಗೆ ಹೋದರೆ, ಆ ಉತ್ಪನ್ನವಿಲ್ಲದೆ ಶಾಲೆಗೆ ಹಣವೆಲ್ಲಿಂದ ತರಲಿ ಎನ್ನುವ ಅಡಚಣೆ. ಸತ್ತವರ ನ್ಯಾಯ ಕೇಳಲು ಪೋಲೀಸು ಖಾತೆಯ ಕಡೆಗೆ ಹೋದರೆ ಅದು ಕೌನ್ಸಿಲಿನ ಹಿಡಿತಕ್ಕೆ ಮೀರಿದ್ದು. ಮಕ್ಕಳ ವಿದ್ಯೆಯನ್ನು ತಂದೆಯ ಕುಡಿತಕ್ಕೆ ಕಟ್ಟಿಹಾಕಿದ ರಾಜ್ಯಪದ್ಧತಿಗೆ ಜವಾಬುದಾರಿಯ ಹೆಸರು ಒಪ್ಪುವದೇ?

ಒಳಗೆ ಹೋದವರೂ ಹೊರಗೆ ನಿಂತವರೂ

ಕಾಂಗ್ರೆಸ್ಸಿನವರು 1920ರ ಚುನಾವಣೆಯನ್ನು ಬಹಿಷ್ಕರಿಸಿದರು. ಕೌನ್ಸಿಲಿನ ಹೊರಗೆ ನಿಂತು ಜನರನ್ನು ಎಬ್ಬಿಸುವದೇ ಸರಿಯೆಂದು ಅವರ ಮತ. ಇನ್ನು ಕೆಲವರು ಒಳಗೆ ಹೋದರು. ಅವರನ್ನೆಲ್ಲ ಸರಕಾರದ ಹಿಂಬಾಲಕರೆಂದು ಕರೆದುಬಿಡುವದು ಸುಲಭ. ಇತಿಹಾಸವು ಅಷ್ಟು ಸುಲಭವಲ್ಲ. ಬ್ರಾಹ್ಮಣೇತರ ಸಮಾಜಗಳಲ್ಲಿ ಆಗತಾನೇ ವಿದ್ಯೆಯೂ ಸಂಘಟನೆಯೂ ಬೆಳೆಯುತ್ತಿದ್ದವು. 1920ರಲ್ಲಿ ಹುಬ್ಬಳ್ಳಿಯಲ್ಲಿ ಕೊಲ್ಲಾಪುರದ ಶಾಹು ಮಹಾರಾಜರ ಅಧ್ಯಕ್ಷತೆಯಲ್ಲಿ ಬ್ರಾಹ್ಮಣೇತರ ಪರಿಷತ್ತು ನೆರೆದಿತ್ತು. ತಲೆಮಾರುಗಳಿಂದ ಶಾಲೆಯ ಮತ್ತು ಕಚೇರಿಯ ಹೊಸ್ತಿಲ ಹೊರಗೆ ನಿಂತವರು, ದೊರೆತ ಬಾಗಿಲಿನಿಂದ ಒಳಹೋಗುವದನ್ನು ಪಾಪವೆಂದು ಹೇಗೆ ಹೇಳಬೇಕು? ಹುಬ್ಬಳ್ಳಿಯ ವಕೀಲರಾದ ಸಿದ್ದಪ್ಪ ತೋಟಪ್ಪ ಕಂಬಳಿಯವರು ಆ ಪಕ್ಷದ ಮುಖಂಡರಾಗಿ ಕೌನ್ಸಿಲಿನಲ್ಲಿ ದುಡಿದು, 1930ರ ದಶಕದಲ್ಲಿ ಇಲಾಖೆಯ ಮಂತ್ರಿಗಳಾಗಿ ಶಿಕ್ಷಣ ಖಾತೆಯನ್ನು ನಡೆಯಿಸಿದರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ಸು ನೆರೆದಾಗ, ಅಲ್ಲಿಯೇ ಕೂಡಿದ ಕರ್ನಾಟಕ ಏಕೀಕರಣ ಪರಿಷತ್ತಿನ ಅಧ್ಯಕ್ಷಸ್ಥಾನವನ್ನು ವಹಿಸಿದವರೂ ಕಂಬಳಿಯವರೇ! ಒಳಗೆ ಹೋದವನೂ ಹೊರಗೆ ನಿಂತವನೂ ಕನ್ನಡದ ಹೆಸರಿನಲ್ಲಿ ಒಂದೇ ಚಪ್ಪರದ ಕೆಳಗೆ ಕುಳಿತರು. ರಾಜಕೀಯದಲ್ಲಿ ಎದುರಾಳಿಗಳಾದವರು ಪ್ರಾಂತದ ಪ್ರಶ್ನೆಯಲ್ಲಿ ಬಂಧುಗಳಾದರೆಂಬ ಸಂಗತಿಯನ್ನು ಗುರುಜನರು ಮಕ್ಕಳಿಗೆ ಅವಶ್ಯವಾಗಿ ಹೇಳಬೇಕು.

ಆ ಕೌನ್ಸಿಲು ಒಳ್ಳೆಯದನ್ನು ಮಾಡಲೇ ಇಲ್ಲವೆಂದರೆ ಅದೂ ಅನ್ಯಾಯವೇ. 1918ರಲ್ಲಿ ವಿಠ್ಠಲಭಾಯಿ ಪಟೇಲರು ತಂದ ಮಸೂದೆಯಿಂದ ಮುನಸಿಪಾಲಿಟಿಗಳು ತಮ್ಮಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಆರಂಭಿಸುವ ಅಧಿಕಾರವನ್ನು ಪಡೆದವು. ವೈಸರಾಯರ ಕೌನ್ಸಿಲಿನಲ್ಲಿ ಗೋಖಲೆಯವರು ತಂದು ಸೋತ ಮಸೂದೆಯ ಆಶಯವೇ ಇಲ್ಲಿ ಒಂದಂಶ ಕೈಗೂಡಿತು. ರ್‍ಯಾಂಗ್ಲರ್ ಪರಾಂಜಪೆಯವರು ಮಂತ್ರಿಗಳಾಗಿದ್ದಾಗ ರೂಪುಗೊಂಡ 1923ರ ಪ್ರಾಥಮಿಕ ಶಿಕ್ಷಣದ ಕಾಯದೆಯಿಂದ ಶಾಲೆಗಳ ಆಡಳಿತವು ಸ್ಕೂಲ್ ಬೋರ್ಡುಗಳಿಗೆ ಬಂದಿತು. 1923ರ ಆಗಸ್ಟಿನಲ್ಲಿ ಸೀ. ಕೇ. ಬೋಲೆಯವರ ಠರಾವು ಸ್ವೀಕೃತವಾಗಿ, ಸಾರ್ವಜನಿಕ ಕೆರೆ ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳು ಅಸ್ಪೃಶ್ಯರೆನಿಸಿದ ಬಂಧುಗಳಿಗೂ ತೆರೆದಿರತಕ್ಕವೆಂದು ಸಾರಲಾಯಿತು. 1934ರಲ್ಲಿ ದೇವದಾಸಿ ಸಂರಕ್ಷಣ ಕಾಯದೆಯಾಯಿತು. ಈ ಅನಿಷ್ಟವು ನಮ್ಮ ಜಿಲ್ಲೆಗಳಲ್ಲಿ ಎಷ್ಟು ಆಳವಾಗಿ ಬೇರೂರಿತ್ತೆಂಬದು ನಿಮಗೆ ಗೊತ್ತೇ ಇದೆ. ಆದರೆ ಠರಾವು ಕಾಗದದಲ್ಲಿ ನಿಂತರೆ ಸಾಲದು. ಬೋಲೆಯವರ ಠರಾವಿನ ತರುವಾಯವೂ 1927ರಲ್ಲಿ ಮಹಾಡದ ಕೆರೆಯ ನೀರನ್ನು ಮುಟ್ಟುವದಕ್ಕೆ ಡಾಕ್ಟರ್ ಅಂಬೇಡಕರರು ಸತ್ಯಾಗ್ರಹ ಮಾಡಬೇಕಾಯಿತು. ಸಭೆಯು ಹಕ್ಕನ್ನು ಬರೆಯಬಲ್ಲದು. ಹಕ್ಕನ್ನು ನಡೆಯಿಸುವವರು ಊರಿನ ಜನರೇ.

ನುಡಿಯಿಲ್ಲದ ಪ್ರತಿನಿಧಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಆ ಸಭೆಯ ನಡವಳಿಕೆಯು ಇಂಗ್ಲಿಷಿನಲ್ಲಿ. ಇಂಗ್ಲಿಷು ಚೆನ್ನಾಗಿ ಬಾರದ ಸಭಾಸದನು ಇಲಾಖೆಯ ದೇಶಭಾಷೆಯೊಂದರಲ್ಲಿ ಮಾತಾಡಬಹುದೆಂಬ ನಿಯಮವಿತ್ತು. ನಿಯಮವು ಉದಾರವಾದುದೇ. ಆದರೆ ಕನ್ನಡದಲ್ಲಿ ಎದ್ದು ಮಾತಾಡಿದರೆ ಕೇಳುವವರಾರು? ಮರಾಠಿ, ಗುಜರಾತಿ, ಸಿಂಧಿ, ಇಂಗ್ಲಿಷು ಮಾತಾಡುವವರ ಮಧ್ಯದಲ್ಲಿ ಅರ್ಥವಾಗುವದು ತನ್ನ ಪಕ್ಕದ ನಾಲ್ಕಾರು ಜನರಿಗೆ ಮಾತ್ರ. ಮಾತಾಡುವ ಹಕ್ಕು ಇತ್ತು. ತಿಳಿಯಲ್ಪಡುವ ಹಕ್ಕು ಇರಲಿಲ್ಲ. ಆದುದರಿಂದ ಇಂಗ್ಲಿಷು ಕಲಿತ ವಕೀಲನೇ ಪ್ರತಿನಿಧಿಯಾಗಬೇಕು. ರೈತನು ಅವನ ಬಾಯಿಯಿಂದಲೇ ಮಾತಾಡಬೇಕು. ನಾವು ವಕೀಲ ವೃತ್ತಿಯವರೇ ಆಗಿದ್ದರಿಂದ ಧೈರ್ಯದಿಂದ ಹೇಳುವೆವು: ಕಕ್ಷಿಗಾರನ ಸಂಕಟವನ್ನು ವಕೀಲನು ಎಷ್ಟು ಚೆನ್ನಾಗಿ ಹೇಳಿದರೂ, ತನ್ನ ಮಾತಿನಲ್ಲಿ ತಾನೇ ಹೇಳುವಾಗ ಅವನ ಕಣ್ಣಿನಲ್ಲಿ ಕಾಣುವ ಬೆಂಕಿಯು ಅದರಲ್ಲಿರಲಾರದು.

ದೂರದ ಮಾತನ್ನೂ ಮರೆಯಲಾಗದು. ಕೌನ್ಸಿಲು ಕೂಡುತ್ತಿದ್ದುದು ಮುಂಬಯಿಯಲ್ಲಿ, ಮಳೆಗಾಲದಲ್ಲಿ ಪುಣೆಯಲ್ಲಿ. ವರಿಷ್ಠ ನ್ಯಾಯಾಲಯವೂ ಮುಂಬಯಿಯಲ್ಲಿ. ರಾಣೆಬೆನ್ನೂರಿನ ರೈತನು ತನ್ನ ಹೊಲದ ಅಪೀಲಿಗಾಗಿ ಅಲ್ಲಿಗೆ ಹೋಗಿ, ತಿಳಿಯದ ಮಾತಿನ ಊರಿನಲ್ಲಿ ದಿನಗಳನ್ನು ಕಳೆದು, ಹೊಲದ ಬೆಲೆಯ ಒಂದು ಪಾಲನ್ನು ರೇಲ್ವೆಗೂ ಖಾನಾವಳಿಗೂ ಕೊಟ್ಟು ಬರಬೇಕಾಗಿತ್ತು.

ಇನ್ನು ಕನ್ನಡಿಗರೆಲ್ಲರ ಸ್ಥಿತಿಯನ್ನು ಒಟ್ಟಿಗೆ ನೋಡಿರಿ. ನಾಲ್ಕು ಜಿಲ್ಲೆಯವರು ಮುಂಬಯಿಯ ಕೌನ್ಸಿಲಿಗೆ. ಬಳ್ಳಾರಿ, ದಕ್ಷಿಣ ಕನ್ನಡದವರು ಮದ್ರಾಸಿನ ಕೌನ್ಸಿಲಿಗೆ. ಕೊಡಗಿನವರಿಗೆ 1924ರಿಂದ ಬೇರೊಂದು ಚಿಕ್ಕ ಕೌನ್ಸಿಲು. ಮೈಸೂರಿನವರಿಗೆ 1881ರಲ್ಲಿ ದಿವಾನ ರಂಗಾಚಾರ್ಲು ಅವರು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯೂ 1907ರಿಂದ ನ್ಯಾಯವಿಧಾಯಕ ಸಭೆಯೂ ಇದ್ದವು. ರಾಯಚೂರು, ಗುಲ್ಬರ್ಗಾ, ಬೀದರಗಳ ಪ್ರಜೆಯು ನಿಜಾಮರ ಆಳಿಕೆಯಲ್ಲಿ ಇಂಥ ಹಕ್ಕಿನ ಮುಖವನ್ನೇ ಕಾಣಲಿಲ್ಲ. ದೂರವೇಕೆ? ಹುಬ್ಬಳ್ಳಿಯ ಮಗ್ಗುಲಲ್ಲಿರುವ ಕುಂದಗೋಳವು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಶಿರಹಟ್ಟಿಯು ಸಾಂಗಲಿಗೆ ಸೇರಿತ್ತು. ಹುಬ್ಬಳ್ಳಿಯ ಅರಳೆ ಅಂಗಡಿಯಲ್ಲಿ ಕುಂದಗೋಳದ ರೈತನು ಹತ್ತಿಯನ್ನು ಮಾರಬಹುದು. ಹುಬ್ಬಳ್ಳಿಯಲ್ಲಿ ಹೆಣ್ಣು ಕೊಟ್ಟು ತರಬಹುದು. ಆದರೆ ಹುಬ್ಬಳ್ಳಿಯವನ ಜೊತೆಗೆ ಮತ ಹಾಕಲಾರನು. ಕರುಳು ಒಂದಾಗಿದ್ದು ಕಾಯದೆ ಬೇರೆಯಾದ ಜನರು ಒಂದಾಗಿ ಏನನ್ನು ಬೇಡಬಲ್ಲರು? ಒಬ್ಬ ತಾಯಿಯ ಮಕ್ಕಳು ನೆರೆಮನೆಗಳಲ್ಲಿ ಹಂಚಿಹೋಗಿ, ಪ್ರತಿಯೊಂದು ಮನೆಯಲ್ಲಿಯೂ ಕೊನೆಯ ಪಂಕ್ತಿಯಲ್ಲಿ ಕುಳಿತಂತೆ ನಮ್ಮ ಸ್ಥಿತಿಯಾಗಿತ್ತು.

ಸಿಂಧವು ಹೋಯಿತು, ನಾವು ಉಳಿದೆವು

1928ರ ನೆಹರೂ ವರದಿಯು ಭಾಷಾವಾರು ಪ್ರಾಂತದ ತತ್ತ್ವವನ್ನು ಎತ್ತಿಹಿಡಿದು ಕರ್ನಾಟಕದ ಬೇಡಿಕೆಗೆ ಬಲವನ್ನು ತಂದಿತು. ಆದರೆ ಬಿಳಿಯ ಸರಕಾರವು ಕೊಟ್ಟುದು ಬೇರೆಯವರಿಗೆ. 1936ರ ಎಪ್ರಿಲ್ 1ರಂದು ಸಿಂಧವು ಮುಂಬಯಿಯಿಂದ ಬೇರೆಯಾಗಿ ಪ್ರಾಂತವಾಯಿತು. ಅದೇ ದಿನ ಓಡಿಶಾವೂ ಪ್ರಾಂತವಾಯಿತು. ಅವರ ಭಾಗ್ಯವನ್ನು ಕಂಡು ನಾವು ಹೊಟ್ಟೆಕಿಚ್ಚು ಪಡಲಿಲ್ಲ. ಆದರೆ ಪ್ರಶ್ನೆಯನ್ನು ಕೇಳದೆ ಇರಲೂ ಇಲ್ಲ. ಒಡಿಯಾ ನುಡಿಯವರಿಗೆ ಪ್ರಾಂತವು ಸಾಧ್ಯವಾದರೆ ಕನ್ನಡ ನುಡಿಯವರಿಗೆ ಏಕೆ ಅಸಾಧ್ಯ? ಸಿಂಧವನ್ನು ಬಿಟ್ಟುಕೊಟ್ಟರೂ ಮುಂಬಯಿಯ ಆಡಳಿತವು ಮುರಿಯದಿದ್ದರೆ, ನಾಲ್ಕು ಕನ್ನಡ ಜಿಲ್ಲೆಗಳನ್ನು ಬಿಟ್ಟುಕೊಟ್ಟರೆ ಹೇಗೆ ಮುರಿದೀತು?

1935ರ ಕಾಯದೆಯಂತೆ 175 ಸ್ಥಾನಗಳ ವಿಧಾನಸಭೆಯೂ ಮೇಲ್ಮನೆಯೊಂದೂ ಆದವು. ಹಳ್ಳಿಯ ಮತದಾರನ ಸಾರಾ 32 ರೂಪಾಯಿಯಿಂದ 8 ರೂಪಾಯಿಗೆ ಇಳಿಯಿತು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಅತಿ ದೊಡ್ಡ ಪಕ್ಷವಾಗಿ ಬಂದು, ಜುಲೈಯಲ್ಲಿ ಬಾಳ ಗಂಗಾಧರ ಖೇರರ ಮಂತ್ರಿಮಂಡಲವು ಅಧಿಕಾರವನ್ನು ವಹಿಸಿತು. ಕರನಿರಾಕರಣೆಯ ಹೋರಾಟದಲ್ಲಿ ಗುಜರಾತದ ರೈತರಂತೆ ಅಂಕೋಲೆ, ಸಿದ್ದಾಪುರಗಳ ರೈತರೂ ಜಮೀನುಗಳನ್ನು ಕಳಕೊಂಡಿದ್ದರು. ಜಪ್ತಾದ ಜಮೀನುಗಳನ್ನು ಮೊದಲಿನ ಒಡೆಯರಿಗೆ ತಿರುಗಿ ಕೊಡಿಸುವ ಕಾಯದೆಯನ್ನು ಈ ವಿಧಾನಸಭೆಯು 1938ರಲ್ಲಿ ಮಾಡಿತು. 1901ರಲ್ಲಿ ಜಪ್ತಾದ ಹೊಲದ ಮೇಲೆ ಸರಕಾರದ ಹಿಡಿತವನ್ನು ಬಿಗಿಮಾಡಿದ ಸಭೆಯ ವಾರಸುದಾರ ಸಭೆಯೇ ಇದು! ನಡುವೆ ಬದಲಾದುದು ಏನು? ಕುಳಿತವರನ್ನು ಆರಿಸಿದವರು ಬದಲಾಗಿದ್ದರು, ಅಷ್ಟೇ. ಮತದ ಬೆಲೆಯೆಂದರೆ ಇದು.

ಅದೇ 1938ರಲ್ಲಿ ಕರ್ನಾಟಕ ಪ್ರಾಂತದ ರಚನೆಯ ಪರವಾಗಿ ವಿಧಾನಸಭೆಯು ಠರಾವನ್ನು ಸ್ವೀಕರಿಸಿತು. ಯಾವ ಮನೆಯಲ್ಲಿ ನಾವು ಅಲ್ಪಸಂಖ್ಯಾತರಾಗಿದ್ದೆವೋ ಆ ಮನೆಯವರೇ ನಮ್ಮ ಪಾಲನ್ನು ನಮಗೆ ಕೊಡಬೇಕೆಂದು ಹೇಳಿದರು. ಮರಾಠಿ, ಗುಜರಾತಿ ಸಭಾಸದರ ಸಮ್ಮತಿಯಿಲ್ಲದೆ ಅದು ಆಗುವಂತಿರಲಿಲ್ಲ. ಅವರ ಈ ಔದಾರ್ಯವನ್ನು ನಾವು ನೆನೆಯತಕ್ಕದ್ದು. ಆದರೆ ಪ್ರಾಂತಗಳನ್ನು ರಚಿಸುವ ಕೀಲಿಕೈ ಲಂಡನ್ನಿನಲ್ಲಿತ್ತು. 1939ರಲ್ಲಿ ಯುದ್ಧವು ಹತ್ತಿಕೊಂಡಿತು. ಮಂತ್ರಿಮಂಡಲವು ರಾಜೀನಾಮೆ ಕೊಟ್ಟಿತು. ಠರಾವು ಕಡತದಲ್ಲಿ ಮಲಗಿತು.

ಮುಂದಿನ ಕಥೆಯನ್ನು ಬೇಗನೆ ಹೇಳಿ ಮುಗಿಸುವೆವು. ಸ್ವಾತಂತ್ರ್ಯ ಬಂದ ಮೇಲೂ ಒಂಬತ್ತು ವರ್ಷ ಕಾಯಬೇಕಾಯಿತು. ಮುಂಬಯಿಯ ಶಾಸನದಿಂದಲೇ 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪಿತವಾಗಿ ಧಾರವಾಡಕ್ಕೆ ಬಂದಿತು. 1953ರಲ್ಲಿ ಹುಬ್ಬಳ್ಳಿಯ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಹೂಡಿದರು. ಹುಬ್ಬಳ್ಳಿಯು ಕೆರಳಿ ಎದ್ದಿತು. ಫಜಲ ಅಲಿ ಆಯೋಗದ 1955ರ ವರದಿಯ ತರುವಾಯ, 1956ರ ನವೆಂಬರ್ 1ರಂದು ನಮ್ಮ ನಾಲ್ಕು ಜಿಲ್ಲೆಗಳು ಮುಂಬಯಿಯನ್ನು ಬಿಟ್ಟು ತಾಯಮನೆಗೆ ಬಂದವು. ಬೆಳಗಾವಿಯ ಚಂದಗಡ ತಾಲೂಕು ಆಚೆಗೆ ಉಳಿಯಿತು. ಕಾಸರಗೋಡು ಕೇರಳಕ್ಕೆ ಹೋಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು.

ನಮ್ಮ ಕರ್ತವ್ಯ

ಸಜ್ಜನರೇ, ನಮ್ಮ ಹಿರಿಯರ ದೂರುಗಳನ್ನು ಒಂದೊಂದಾಗಿ ಎಣಿಸಿರಿ. ಮತವಿಲ್ಲವೆಂದರು, ಇಂದು 18 ವರ್ಷ ತುಂಬಿದ ಪ್ರತಿಯೊಬ್ಬನಿಗೂ ಮತವಿದೆ, ಸಾರಾ ಎಷ್ಟೆಂದು ಕೇಳುವವರಿಲ್ಲ. ನುಡಿ ತಿಳಿಯುವವರಿಲ್ಲವೆಂದರು, ಇಂದು ವಿಧಾನಸಭೆಯಲ್ಲಿ ಕನ್ನಡವೇ ಮನೆಯ ಮಾತು. ದೂರವೆಂದರು, 2008ರಲ್ಲಿ ಉಚ್ಚ ನ್ಯಾಯಾಲಯದ ಪೀಠವು ಧಾರವಾಡಕ್ಕೆ ಬಂದಿತು, 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವು ತೆರೆಯಿತು. ನೆಪಗಳೆಲ್ಲ ತೀರಿದವು, ಇನ್ನು ಉಳಿದುದು ನಮ್ಮ ಯೋಗ್ಯತೆಯ ಪ್ರಶ್ನೆಯೊಂದೇ.

ಬೆಳಗಾವಿಯ ಆ ಭವ್ಯ ಮಂದಿರದಲ್ಲಿ ಅಧಿವೇಶನ ನಡೆದಾಗ ನಮ್ಮ ಸೀಮೆಯ ನೀರು, ಬೆಳೆ, ಶಾಲೆಗಳ ಪ್ರಶ್ನೆಯನ್ನು ಯಾರು ಕೇಳಿದರು, ಯಾರು ಮೌನವಾಗಿ ಕುಳಿತರು, ಯಾರು ಬರಲೇ ಇಲ್ಲ ಎಂಬದನ್ನು ನಮ್ಮಲ್ಲಿ ಎಷ್ಟು ಜನರು ವಿಚಾರಿಸುವೆವು? ಅಧಿಕಾರವಿಲ್ಲದ ಸಭೆಯಲ್ಲಿ ಒಂದು ಪ್ರಶ್ನೆಯನ್ನು ಕೇಳುವದಕ್ಕಾಗಿ ಹಿಂದಿನವರು ರಾತ್ರಿಯೆಲ್ಲ ರೇಲ್ವೆಯಲ್ಲಿ ಕುಳಿತು ಹೋಗುತ್ತಿದ್ದರು. ಅಧಿಕಾರವುಳ್ಳ ಸಭೆಯಲ್ಲಿ ಗದ್ದಲವೇ ಕೆಲಸವಾದರೆ ನಾವು ನಕ್ಕು ಸುಮ್ಮನಾಗುವೆವು. ಜಾತಿಯನ್ನು ನೋಡಿ, ಹಣವನ್ನು ಪಡೆದು ಮತವನ್ನು ಕೊಟ್ಟವನು, 32 ರೂಪಾಯಿಯ ಕಟ್ಟು ಬಿಚ್ಚುವದಕ್ಕಾಗಿ ಮೂರು ತಲೆಮಾರು ಪಟ್ಟ ಶ್ರಮವನ್ನು ಒಂದು ಸಂಜೆಯಲ್ಲಿ ಮಾರಿಕೊಂಡಂತೆ.

ಆದುದರಿಂದ ಗುರುಜನರಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ. ಪುಲಿಕೇಶಿಯ ಕಥೆಯನ್ನು ಹೇಳುವ ಬಾಯಿಂದಲೇ ಈ ಕೌನ್ಸಿಲಿನ ಕಥೆಯನ್ನೂ ಮಕ್ಕಳಿಗೆ ಹೇಳಿರಿ. ಧಾರವಾಡದ ಗುಂಡೇಟಿಗೆ ಬಿದ್ದ ಮೂವರನ್ನೂ, ಹೊಲವನ್ನು ಕಳಕೊಂಡು ಪಡೆದ ಅಂಕೋಲೆಯವರನ್ನೂ, ಪಕ್ಷ ಬೇರೆಯಾದರೂ ಕನ್ನಡಕ್ಕಾಗಿ ಒಂದೇ ಚಪ್ಪರದಲ್ಲಿ ಕುಳಿತವರನ್ನೂ ಅವರಿಗೆ ಪರಿಚಯ ಮಾಡಿಕೊಡಿರಿ. ನಾಗರಿಕರಲ್ಲಿ ಬಿನ್ನಹವೇನೆಂದರೆ, ನೀವು ಆರಿಸಿದವನು ಸಭೆಯಲ್ಲಿ ಏನು ಮಾಡಿದನೆಂಬದನ್ನು ವರ್ಷಕ್ಕೊಮ್ಮೆಯಾದರೂ ಊರವರ ಮುಂದೆ ನಿಲ್ಲಿಸಿ ಕೇಳಿರಿ. ಲೆಕ್ಕವನ್ನು ಕೇಳದ ಒಡೆಯನ ಅಂಗಡಿಯು ಗುಮಾಸ್ತನದಾಗುತ್ತದೆ. ಮತ್ತು ನಾವು ಒಂದು ಕಾಲಕ್ಕೆ ಪರರ ಮನೆಯಲ್ಲಿ ಅಲ್ಪಸಂಖ್ಯಾತರಾಗಿದ್ದುದನ್ನು ನೆನೆದು, ಇಂದು ನಮ್ಮ ಮನೆಯಲ್ಲಿ ಅಲ್ಪಸಂಖ್ಯಾತರಾಗಿ ಇರುವ ಬೇರೆ ನುಡಿಯವರ ಮಾತನ್ನು ತಾಳ್ಮೆಯಿಂದ ಕೇಳೋಣ. ಕೇಳಿಸಿಕೊಳ್ಳದವರ ನೋವು ಕನ್ನಡಿಗನಿಗೆ ತಿಳಿದಷ್ಟು ಬೇರೆ ಯಾರಿಗೆ ತಿಳಿದೀತು?

ಪ್ರಾಂತವು ಬಂದಿತು; ಅದಕ್ಕೆ ತಕ್ಕ ಪ್ರಜೆಗಳಾಗುವ ಕೆಲಸವು ಉಳಿದಿದೆ. ಆ ಕೆಲಸಕ್ಕೆ ಈ ಊರು ಮೊದಲಾಗಲೆಂದು ಹಾರೈಸುವೆವು.